ಕನ್ನಡದಲ್ಲಿ ಒಂದು ನೆರಳು, ಇಂಗ್ಲಿಷಿನಲ್ಲಿ ಎರಡು

ನಾನು ಅನುವಾದ ಮಾಡಿ ಬದುಕುವವನು. ಶುರುವಿನ ದಿನಗಳಲ್ಲಿ ಒಬ್ಬರು ಕಳಿಸಿದ ಬರಹದಲ್ಲಿ ಏಳೆಂಟು ತಪ್ಪುಗಳಿದ್ದವು. ಪಟ್ಟಿ ಮಾಡಿ, ಮೇಲೆ ಒಂದು ಸಾಲು ಇಂಗ್ಲಿಷಿನಲ್ಲಿ ಬರೆದೆ: 'ಐ ಹ್ಯಾವ್ ಲಿಸ್ಟೆಡ್ ಯುವರ್ ಫಾಲ್ಟ್ಸ್ ಬಿಲೋ.' ಅವರಿಂದ ಎರಡು ದಿನ ಉತ್ತರವೇ ಇಲ್ಲ. ಮೂರನೇ ದಿನ ಬಂದ ಉತ್ತರ ತಣ್ಣಗಿತ್ತು. ನಾನು ಹೇಳಹೊರಟದ್ದು 'ನಿಮ್ಮ ಬರಹದಲ್ಲಿರುವ ತಪ್ಪುಗಳು' ಅಂತ. ಅವರು ಓದಿದ್ದು 'ನಿಮ್ಮಲ್ಲಿರುವ ಕೆಟ್ಟ ಗುಣಗಳು' ಅಂತ!

ಆಮೇಲೆ ಯೋಚಿಸಿದೆ, ಎಡವಿದ್ದು ಎಲ್ಲಿ? 'ತಪ್ಪು' ಅನ್ನೋ ಒಂದೇ ಗೂಟಕ್ಕೆ ನಾನು ಮಿಸ್ಟೇಕ್, ಎರರ್, ಫಾಲ್ಟ್ ಮೂರನ್ನೂ ಕಟ್ಟಿಬಿಟ್ಟಿದ್ದೆ. ನಿಘಂಟೂ ಕೈ ಹಿಡಿಯಲಿಲ್ಲ, ಮೂರರ ಮುಂದೆಯೂ ತಪ್ಪು, ದೋಷ ಅಂತಲೇ ಇರುತ್ತದೆ. ಹಾಗಾಗಿ ಅರ್ಥ ಬರೆದುಕೊಳ್ಳುವುದನ್ನು ಬಿಟ್ಟು, ಆ ಪದ ಯಾರ ಜೊತೆ ಓಡಾಡುತ್ತದೆ ಅಂತ ನೋಡತೊಡಗಿದೆ. ಮಿಸ್ಟೇಕ್‌ಗೆ 'ಮೇಕ್' ಜೊತೆಗಾರ, ಅದು ಮನುಷ್ಯ ಮಾಡುವ ಕೆಲಸ. ಎರರ್ ಸ್ವಲ್ಪ ಗಂಭೀರ. ಅಳತೆ, ಲೆಕ್ಕ, ಕಾಗುಣಿತ, ಕಂಪ್ಯೂಟರ್ ಇರುವ ಕಡೆ ಅದಕ್ಕೆ ಮನೆ. ಫಾಲ್ಟ್ ಯಂತ್ರದೊಳಗೆ ಇರುತ್ತದೆ, ಮನುಷ್ಯನ ಸ್ವಭಾವದಲ್ಲಿ ಇರುತ್ತದೆ. 'ಹೂಸ್ ಫಾಲ್ಟ್' ಅಂದರೆ ಹೊಣೆ ಯಾರದ್ದು ಅನ್ನುವ ಪ್ರಶ್ನೆ. ನಾನು ಅವತ್ತು 'ಎರರ್ಸ್ ಇನ್ ದ ಟೆಕ್ಸ್ಟ್' ಅಂದಿದ್ದರೆ ಮುಗಿದುಹೋಗುತ್ತಿತ್ತು.

ಎರಡನೇ ಉಪಾಯ, ಎಣಿಸಿ ನೋಡುವುದು. ಕೆಲಸ ಅನ್ನೋದಕ್ಕೆ ಜಾಬ್, ವರ್ಕ್ ಎರಡೂ ಇವೆ. 'ಎ ಜಾಬ್' ಸರಿ, ಆದರೆ ಹೊಟ್ಟೆಪಾಡಿನ ಕೆಲಸಕ್ಕೆ 'ಎ ವರ್ಕ್' ಆಗದು. ಹಾಗೆ ಬರೆದರೆ ಕಲಾಕೃತಿಯೋ ಪುಸ್ತಕವೋ ಆಗಿಬಿಡುತ್ತದೆ. ಪ್ರಯಾಣವೂ ಹೀಗೇ. ಟ್ರಿಪ್ ಎಣಿಸಬಹುದು, ಜರ್ನಿ ಎಣಿಸಬಹುದು, ಆದರೆ 'ಎ ಟ್ರಾವೆಲ್' ಅನ್ನುವಂತಿಲ್ಲ. ಹೋಗಿ ಬರುವುದೆಲ್ಲ ಸೇರಿ ಟ್ರಿಪ್. ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಜರ್ನಿ. ಜರ್ನಿಯ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಅಲ್ಲಿ ಒಂದು ದಿನ, ಒಂದು ದಿನದ ದಾರಿ ಅನ್ನೋ ಅರ್ಥವಿತ್ತು. ಜರ್ನಲ್ ಪದದೊಳಗೂ ಅದೇ 'ದಿನ' ಕೂತಿದೆ. ಇದು ತಿಳಿದ ಮೇಲೆ ಆ ಪದ ಮರೆತಿಲ್ಲ.

ಕೆಲವಕ್ಕೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಿಲ್ಲ. ಬಸ್ಸಿಗೆ ಫೇರ್, ವಕೀಲರಿಗೆ ಫೀ, ರಸ್ತೆಗೆ ಟೋಲ್, ದಂಡಕ್ಕೆ ಫೈನ್. ಸುಮ್ನೆ ಬಾಯಿಪಾಠ ಮಾಡಿದರೆ ಸಾಕು. ಕಚ್ಚಿ, ಚುಚ್ಚಿ ಒಳಗೆ ಬಿಡುವ ವಿಷ ವೆನಮ್. ತಿಂದರೋ ಕುಡಿದರೋ ಮೈಗೇರುವುದು ಪಾಯ್ಸನ್. ಹಾವನ್ನು 'ಪಾಯ್ಸನಸ್' ಅನ್ನೋರು ಇಂಗ್ಲಿಷ್ ಮನೆಮಾತಿನವರಲ್ಲೂ ಜಾಸ್ತಿ ಇದ್ದಾರೆ, ಆದ್ದರಿಂದ ತೀರಾ ನಾಚಿಕೆ ಬೇಡ.

ನನ್ನನ್ನು ಹೆಚ್ಚು ಕಾಡಿದ್ದು ನೆರಳು. ಮರದ ಕೆಳಗಿನ ತಂಪು ಜಾಗ ಶೇಡ್, ಅಲ್ಲಿ ಕೂರಬಹುದು. ಶ್ಯಾಡೋಗೆ ಆಕಾರವಿದೆ, ಗೋಡೆಯ ಮೇಲೆ ಬೀಳುತ್ತದೆ, ಹಿಂದೆ ಹಿಂದೆ ಬರುತ್ತದೆ. ಮೂವರು ನಿಂತರೆ ಮೂರು ಶ್ಯಾಡೋ. ಇಲ್ಲೂ ಎಣಿಕೆಯೇ ಕೆಲಸಕ್ಕೆ ಬಂತು. ಇಷ್ಟು ಗೊತ್ತಾದ ಮೇಲೆ ಗೆದ್ದೆ ಅಂದುಕೊಂಡಿದ್ದೆ.

ಒಂದು ಕತೆಯಲ್ಲಿ ಈ ಸಾಲು ಸಿಕ್ಕಿತು: 'ಮಗು ಅಪ್ಪನ ನೆರಳಿನಲ್ಲಿ ನಡೆಯಿತು.' ಸುಡುಬಿಸಿಲು, ಅಪ್ಪನ ಮೈ ಬಿಸಿಲಿಗೆ ಅಡ್ಡವಾಗಿದೆ, ಮಗು ಆ ತಂಪಿನಲ್ಲಿ ಹೆಜ್ಜೆ ಹಾಕುತ್ತಿದೆ. 'ಇನ್ ಹಿಸ್ ಫಾದರ್ಸ್ ಶ್ಯಾಡೋ' ಅಂದರೆ ಅಪ್ಪನ ಹೆಸರಿನ ಮುಂದೆ ಮಂಕಾದ ಮಗ ಅನ್ನೋ ಅರ್ಥ ಬರುತ್ತದೆ. ಶೇಡ್ ಹಾಕಿದರೆ ಅಪ್ಪ ಮರವಾಗಿಬಿಡುತ್ತಾನೆ, ಅಲ್ವಾ? ಅರ್ಧ ದಿನ ಕೂತೆ. ಕೊನೆಗೆ ಎರಡೂ ಪದ ಬಿಟ್ಟು, ಅಪ್ಪನ ಮೈ ಬಿಸಿಲು ತಡೆಯಿತು, ಮಗು ಅದಕ್ಕೆ ಅಂಟಿಕೊಂಡೇ ನಡೆಯಿತು ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಬರೆದೆ.