ಹಳೆ ಕ್ಯಾಬಿನ್ ಬೋಟ್ ನೋಡಲು ಹೋಗುವಾಗ ಸುತ್ತಿಗೆ ಹಿಡಿದುಕೊಂಡು ಹೋಗಿ

ಕಾರವಾರದ ಕಡೆ ಹಳೆ ಕ್ಯಾಬಿನ್ ಬೋಟ್ ಕೊಂಡು ರಿಪೇರಿ ಮಾಡಿಸಬೇಕು ಅಂತಿರುವವರೇ, ಹೊಸ ಬಣ್ಣ ನೋಡಿ ಮರುಳಾಗಬೇಡಿ. ನೀರಿನಲ್ಲಿದ್ದರೆ ದಡಕ್ಕೆ ಎಳೆಸಿಯೇ ನೋಡಿ.

ಫೈಬರ್ ಬೋಟ್ ಆದರೂ ಒಳಗೆ ಎಷ್ಟೋ ಕಡೆ ಪ್ಲೈವುಡ್ ಇರುತ್ತದೆ. ಡೆಕ್ಕಿನ ಕೆಳಗೆ, ಎಂಜಿನ್ ಕೂರುವ ಜಾಗದಲ್ಲಿ, ಹಿಂಬದಿಯ ಹಲಗೆಯಲ್ಲಿ. ಸ್ಕ್ರೂ ತೂತಿನಿಂದ ನೀರಿಳಿದು ಅದು ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ‘ಟಕ್ ಟಕ್’ ಅನ್ನುತ್ತದೆ. ಕೊಳೆತಲ್ಲಿ ‘ದಬ್ ದಬ್’, ಒದ್ದೆ ರಟ್ಟು ತಟ್ಟಿದ ಹಾಗೆ. ಹಿಂಬದಿಯ ಹಲಗೆ ಪೂರ್ತಿ ಹಾಗೇ ಕೇಳಿಸಿದರೆ ನನ್ನ ಮಾತು ಕೇಳಿ, ಬಿಟ್ಟುಬಿಡಿ.

ನಾನು ಬರುವ ಮೊದಲು ಎಂಜಿನ್ ಬಿಸಿ ಮಾಡಿಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಆಗಬೇಕು, ಅಲ್ವಾ? ಆಯಿಲ್ ಕಡ್ಡಿ ಎಳೆದಾಗ ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ ಕಂಡರೆ ಒಳಗೆ ನೀರು ಹೋಗಿದೆ.

ಕಾಳಿ ನದಿಯಲ್ಲಿ ಓಡಿಸುವುದಾದರೆ 2021ರ ಒಳನಾಡು ಹಡಗು ಕಾಯ್ದೆಯಂತೆ ಸರ್ವೆ (ಬೋಟಿನ ತಪಾಸಣೆ), ನೋಂದಣಿ ಬೇಕು. ಕಾಗದದಲ್ಲಿರುವ ಎಂಜಿನ್ ನಂಬರ್ ಹೊಂದುತ್ತದಾ ನೋಡಿ.

ಆಮೇಲೆ ಸೂರು. ಫೈಬರ್ ರಿಪೇರಿಗೆ ಹಚ್ಚುವ ಅಂಟು, ಅಂದರೆ ರೆಸಿನ್, ತೇವದಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಶೆಡ್ ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಿಂತ ಹಾಗೇ. ಅದಕ್ಕೇ ಕೊಳ್ಳುವುದನ್ನು ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಆದರೆ ನೋಡುವುದನ್ನು ಜುಲೈಯಲ್ಲೇ ನೋಡಿ. ಜೋರು ಮಳೆಯಲ್ಲಿ ಕ್ಯಾಬಿನ್ ಒಳಗೆ ಟಾರ್ಚ್ ಹಿಡಿದು ಅರ್ಧ ಗಂಟೆ ಸುಮ್ನೆ ಕೂತರೆ, ಯಾವ ಕಿಟಕಿ ಮೂಲೆಯಲ್ಲಿ ತೊಟ್ಟಿಕ್ಕುತ್ತದೆ ಅಂತ ಮಳೆಯೇ ತೋರಿಸುತ್ತದೆ.