ನೈಲಾನ್‌ಗೆ ನ್ಯಾನೊ ಜೇಡಿ, ರಬ್ಬರ್: ಯಾವುದು ಮೊದಲು?

ಚನ್ನಗಿರಿ ಕಡೆಯ ಅಡಿಕೆ ತೋಟಗಳಿಗೆ ಹೋಗುವ ಪಂಪ್‌ಸೆಟ್ ಬಿಡಿಭಾಗ ಬಾಗಬಾರದು, ಕೈಜಾರಿ ಬಿದ್ದರೆ ಸೀಳಲೂಬಾರದು. ಅದನ್ನು ಮಾಡುವ ನೈಲಾನ್ 6 ಪ್ಲಾಸ್ಟಿಕ್‌ಗೆ ಬರೀ ರಬ್ಬರ್ ಹಾಕಿದರೆ ಪೆಟ್ಟು ತಡೆಯುತ್ತದೆ, ಬಿಗಿ ಹೋಗುತ್ತದೆ. ಬರೀ ಜೇಡಿ ಹಾಕಿದರೆ ಬಿಗಿ ಬರುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಎರಡನ್ನೂ ಸೇರಿಸಿ ದಾವಣಗೆರೆಯಲ್ಲಿ ನಾವು ಕಾಂಪೌಂಡ್ (ಕರಗಿಸಿ ಬೆರೆಸಿದ ಮಿಶ್ರಣ) ಮಾಡುವ ಬಗೆ ಇದು.

10 ಕೆಜಿಗೆ: ನೈಲಾನ್ 6 ಎಂಟು ಕೆಜಿ 100 ಗ್ರಾಂ, ಮಲೇಯಿಕ್ ಅನ್‌ಹೈಡ್ರೈಡ್ (ನೈಲಾನ್‌ಗೆ ರಬ್ಬರನ್ನು ಬೆಸೆಯುವ ರಾಸಾಯನಿಕ) ಕೂಡಿಸಿದ ಇಪಿಡಿಎಂ ಎಂಬ ಕೃತಕ ರಬ್ಬರ್ ಒಂದೂವರೆ ಕೆಜಿ, ಆರ್ಗ್ಯಾನೊಕ್ಲೇ (ಪದರ ಬಿಡಿಸಿಕೊಳ್ಳಲೆಂದು ಅಮೋನಿಯಂ ಲೇಪ ಹಚ್ಚಿದ ನ್ಯಾನೊ ಜೇಡಿ) 400 ಗ್ರಾಂ. ಲೇಪವಿಲ್ಲದ ಸಾದಾ ಬೆಂಟೊನೈಟ್ ಜೇಡಿ ಆಗುವುದಿಲ್ಲ. ಅದರ ಪದರಗಳು ಬಿಡಿಸಿಕೊಳ್ಳದೆ ಗಂಟುಗಟ್ಟುತ್ತವೆ, ಬಿರುಕು ಶುರುವಾಗುವುದೇ ಆ ಗಂಟಿನಿಂದ. ಒಳ್ಳೆಯ ಜೇಡಿಯೇ ಆದರೂ 5% ದಾಟಿಸುವುದಿಲ್ಲ.

ನೈಲಾನ್ ಕಾಳನ್ನು 80 ಡಿಗ್ರಿಯಲ್ಲಿ 12 ಗಂಟೆ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸುತ್ತೇವೆ. ಮಳೆಗಾಲದಲ್ಲಿ ಸಾದಾ ಬಿಸಿಗಾಳಿ ಡ್ರೈಯರ್ ನಂಬುವಂತಿಲ್ಲ, ಹೊರಗಿನ ತೇವವನ್ನೇ ಎಳೆದು ಕಾಳಿಗೆ ಊದುತ್ತದೆ. ರಬ್ಬರ್ ಕಾಳಿಗೆ ಅಷ್ಟು ಬಿಸಿ ಕೊಟ್ಟರೆ ಒಂದಕ್ಕೊಂದು ಅಂಟಿ ಹೆಂಟೆಯಾಗುತ್ತದೆ.

ಮುಖ್ಯ ವಿಷಯ ಹಾಕುವ ಕ್ರಮ. ಬೆರೆಸುವುದು ಎರಡು ತಿರುಪುಗಳು ಮಾಲನ್ನು ಕರಗಿಸಿ ಕಲಸಿ ಎಳೆಯಾಗಿ ಹೊರದೂಡುವ ಯಂತ್ರದಲ್ಲಿ. ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ಗೆ ಮೊದಲ ಸುತ್ತಿನಲ್ಲಿ ನೈಲಾನ್ ಮತ್ತು ಜೇಡಿ ಮಾತ್ರ; ಆ ಕಾಳನ್ನು ಮತ್ತೆ ಒಣಗಿಸಿ, ಎರಡನೇ ಸುತ್ತಿನಲ್ಲಿ ರಬ್ಬರ್. ಮೂರನ್ನೂ ಒಟ್ಟಿಗೆ ಸುರಿದರೆ ಜೇಡಿಯ ಒಂದು ಪಾಲು ನೈಲಾನ್ ನಡುವೆ ಹರಡಿದ ರಬ್ಬರ್ ಹನಿಗಳ ಒಳಗೋ ಅಂಚಿಗೋ ಸೇರುತ್ತದೆ. ಪೆಟ್ಟು ಬಿದ್ದಾಗ ಹನಿ ಒಳಗೇ ಬಿರಿದು ಟೊಳ್ಳಾಗಬೇಕು. ಆಗಲೇ ಸುತ್ತಲಿನ ನೈಲಾನ್ ಹಿಗ್ಗಿ ಶಕ್ತಿ ನುಂಗುವುದು. ಜೇಡಿ ಸೇರಿ ಗಡುಸಾದ ಹನಿ ಬಿರಿಯುವುದಿಲ್ಲ. ಅಂಚಿನಲ್ಲಿ ಕೂತ ಜೇಡಿ ರಬ್ಬರ್‌ನ ಅನ್‌ಹೈಡ್ರೈಡ್ ಮತ್ತು ನೈಲಾನ್‌ನ ಅಮೀನ್ ತುದಿಗಳ ನಂಟಿಗೂ ಅಡ್ಡ ಬರುತ್ತದೆ, ಹನಿಗಳು ದಪ್ಪವಾಗೇ ಉಳಿಯುತ್ತವೆ.

ಯಂತ್ರದ ಬ್ಯಾರೆಲ್ (ತಿರುಪುಗಳು ತಿರುಗುವ ಕೊಳವೆ) 230ರಿಂದ 240 ಡಿಗ್ರಿ, ಅದಕ್ಕಿಂತ ಮೇಲೆ ಬೇಡ. ಜೇಡಿಗೆ ಹಚ್ಚಿದ ಅಮೋನಿಯಂ ಲೇಪ 200 ಡಿಗ್ರಿ ಸುಮಾರಿಗೇ ಒಡೆಯತೊಡಗುತ್ತದೆ. ಹೊರಬರುವ ಎಳೆಯ ಬಣ್ಣ ಕಂದಿಗೆ ತಿರುಗಿ ಮೀನಿನಂಥ ವಾಸನೆ ಬಂದರೆ ಮಾಲು ಒಳಗೆ ಹೆಚ್ಚು ಹೊತ್ತು ನಿಂತಿದೆ ಎಂದೇ ಅರ್ಥ. ಬ್ಯಾರೆಲ್‌ನ ವೆಂಟ್ (ಆವಿ ಹೋಗುವ ಕಂಡಿ) ತೆರೆದು ವ್ಯಾಕ್ಯೂಮ್ ಎಳೆಯುತ್ತಿರಬೇಕು.

ಐಜಾಡ್ ಪರೀಕ್ಷೆಯ (ಕಚ್ಚು ಕೊರೆದ ಪಟ್ಟಿಯನ್ನು ಲೋಲಕದಿಂದ ಹೊಡೆದು ಮುರಿದು ತಾಳಿಕೆ ಅಳೆಯುವ ಪರೀಕ್ಷೆ) ಪಟ್ಟಿಗಳನ್ನು ಮೌಲ್ಡ್‌ನಿಂದ ತೆಗೆದ ಕೂಡಲೇ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಮುಚ್ಚಿಡಿ. ಜುಲೈ ತಿಂಗಳಲ್ಲಿ ಮೇಜಿನ ಮೇಲೆ ಬಿಟ್ಟರೆ ನೈಲಾನ್ ತೇವ ಕುಡಿದು ಮೆತ್ತಗಾಗಿ, ಇಲ್ಲದ ತಾಳಿಕೆ ತೋರಿಸುತ್ತದೆ. ಅಂಕಿಗಿಂತ ಮೊದಲು ಮುರಿದ ಮುಖ ನೋಡಿ. ನಾಚ್‌ನ, ಅಂದರೆ ಕೊರೆದ ಕಚ್ಚಿನ, ಬುಡದಿಂದ ಬಿಳಿ ಹಬ್ಬಿ, ಮೇಲ್ಮೈ ಒರಟಾಗಿದ್ದರೆ ರಬ್ಬರ್ ಕೆಲಸ ಮಾಡಿದೆ. ಗಾಜಿನಂತೆ ನುಣ್ಣಗೆ ಮುರಿದಿದ್ದರೆ ಮಾಡಿಲ್ಲ.

ಜೇಡಿ ಪುಡಿ ಹಾಪರ್‌ನಲ್ಲಿ (ಯಂತ್ರಕ್ಕೆ ಮಾಲು ಸುರಿಯುವ ಬುಟ್ಟಿ) ಕಾಳಿನಿಂದ ಬೇರ್ಪಟ್ಟು ಕೆಳಗೆ ಜಾರುವುದುಂಟು. ಹಾಗಾಗದಿರಲು ಒಂದಷ್ಟು ನೈಲಾನನ್ನು ಪುಡಿ ಮಾಡಿ ಅದರೊಡನೆ ಬೆರೆಸುತ್ತೇವೆ. ಮೊದಲ ಸುತ್ತಿನ ಮಾಲಿನ ಆರಂಭ, ಮಧ್ಯ, ಕೊನೆಯಿಂದ ಕಾಳು ತೆಗೆದು ಮಫಲ್ ಫರ್ನೇಸ್‌ ಎಂಬ ಕುಲುಮೆಯಲ್ಲಿ ಸುಟ್ಟು ಬೂದಿ ತೂಗುತ್ತೇವೆ. ಆರ್ಗ್ಯಾನೊಕ್ಲೇಯಲ್ಲಿ 30% ಲೇಪವಿದ್ದರೆ ಬೂದಿ 3.3% ಆಸುಪಾಸು ಬರಬೇಕು. ಮೂರೂ ಕಡೆ ಒಂದೇ ಬಾರದಿದ್ದರೆ ಅದಕ್ಕೆ ರಬ್ಬರ್ ಹಾಕುವುದಿಲ್ಲ.