ಶೇಂಗಾ ಬೆಳೆದವಳಿಗೆ ಬೆಂಗಳೂರು ತೋರಿಸಿದ್ದು

ಊರಿನಿಂದ ಬಂದ ತಂದೆತಾಯಿಯನ್ನು ಬೆಂಗಳೂರಿನ ಮಕ್ಕಳು ಸಾಮಾನ್ಯವಾಗಿ ಎರಡೇ ಕಡೆ ಕರೆದೊಯ್ಯುತ್ತಾರೆ. ಒಂದು ಆಸ್ಪತ್ರೆ, ಇನ್ನೊಂದು ಮಾಲ್. ಮಾಲ್‌ನಲ್ಲಿ ಅವರು ಬೆಲೆ ಕೇಳಿ ಸುಮ್ಮನಾಗುತ್ತಾರೆ, ಸಂಜೆ ಮನೆಗೆ ಬಂದು ಊರಿನ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಾರೆ. ನನ್ನ ಅವ್ವ ಚಳ್ಳಕೆರೆ ತಾಲ್ಲೂಕಿನ ಮಳೆಯಾಶ್ರಿತ ಹೊಲದಲ್ಲಿ ಆಯುಷ್ಯವೆಲ್ಲ ಶೇಂಗಾ ಬೆಳೆದವಳು. ಅವಳು ಬಂದಾಗ ನಾನು ಮಾಡಿದ್ದು ಇಷ್ಟೇ: ನಗರದಲ್ಲಿ ಯಾವುದು ಪ್ರಸಿದ್ಧ ಎಂದು ನೋಡಲಿಲ್ಲ, ಯಾವುದರ ಬಗ್ಗೆ ಅವಳು ನನಗಿಂತ ಹೆಚ್ಚು ಬಲ್ಲಳು ಎಂದು ನೋಡಿದೆ. ಅಲ್ಲಿಗೆ ಮೊದಲು ಹೋದೆವು.

ಹಾಗೆ ನೋಡಿದಾಗ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಬಿಟ್ಟು ಬೇರೆ ಕಡೆಯಿಂದ ಆರಂಭಿಸಲು ಸಾಧ್ಯವೇ ಇರಲಿಲ್ಲ. ಕಾರ್ತಿಕದ ಕೊನೆಯ ಸೋಮವಾರಕ್ಕೆ ನಮ್ಮ ಕಡೆ ಬಳ್ಳಿ ಕಿತ್ತು, ಕಾಯಿ ಬಿಡಿಸಿ, ಹೊಟ್ಟು ಬಣವೆಗೆ ಸೇರಿರುತ್ತದೆ. ರೈತರಿಗೆ ಅದು ಊರು ಬಿಡಬಹುದಾದ ಕಾಲ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಎರಡೂ ಬದಿ ರಾಶಿ ಬಿದ್ದಿತ್ತು: ಹಸಿಯದು, ಹುರಿದದ್ದು, ಬೇಯಿಸಿದ್ದು. ಅವ್ವ ಮೊದಲ ರಾಶಿಯ ಮುಂದೆಯೇ ಕುಕ್ಕರುಗಾಲಲ್ಲಿ ಕುಳಿತಳು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಹೆಬ್ಬೆರಳಿನಿಂದ ಮೂತಿ ಒತ್ತಿ ಒಡೆದಳು. ಬೀಜ ನೋಡುವ ಮೊದಲು ಸಿಪ್ಪೆಯ ಒಳಮೈ ನೋಡಿದಳು. ‘ಬೆಳ್ಳಗಿದೆ ನೋಡು. ಇನ್ನೂ ಒಂದು ವಾರ ನೆಲದಲ್ಲಿ ಇರಬೇಕಿತ್ತು. ಬಲಿತ ಕಾಯಿಗೆ ಒಳಗಡೆ ಕಂದು, ಕಪ್ಪು ಬಣ್ಣ ಬಂದಿರುತ್ತದೆ’ ಎಂದಳು, ವ್ಯಾಪಾರಿಗೆ ಕೇಳಿಸುವ ಹಾಗೆಯೇ. ಈ ಪಾಠ ನನಗೆ ಹೊಸದು. ಶೇಂಗಾ ಹೊಲದಲ್ಲೇ ಆಡಿ ಬೆಳೆದವಳು ನಾನು, ತಿಂದದ್ದೊಂದೇ ಗೊತ್ತು.

ಆ ವ್ಯಾಪಾರಿ ಚಿಂತಾಮಣಿಯ ಕಡೆಯವನು. ಸಿಟ್ಟಾಗುವ ಬದಲು ‘ನಿಮ್ಮದು ಎಲ್ಲಿ ಅಮ್ಮಾ?’ ಎಂದು ಕೇಳಿದ. ಚಳ್ಳಕೆರೆ ಎಂದ ತಕ್ಷಣ ಅವನ ಮಾತಿನ ಧಾಟಿ ಬದಲಾಯಿತು. ಎಣ್ಣೆ ಗಿರಣಿಗಳ ಊರಿನವಳ ಎದುರು ಕಾಯಿ ಹೊಗಳುವುದರಲ್ಲಿ ಅರ್ಥವಿಲ್ಲ ಎಂದು ಅವನಿಗೆ ಗೊತ್ತಿತ್ತು. ಆಮೇಲೆ ಇಬ್ಬರೂ ಮಳೆಯ ಲೆಕ್ಕಕ್ಕೆ ಇಳಿದರು. ಹೂ ಬಿಡುವಾಗ ಬರಲಿಲ್ಲ, ಕೀಳುವಾಗ ಬಂತು, ಟಿಎಂವಿ-2 ಎಂಬ ಶೇಂಗಾ ತಳಿಯ ಬಿತ್ತನೆ ಬೀಜದ ದರ ಎಷ್ಟು, ಹಂದಿ ಕಾಟ ನಿಮ್ಮಲ್ಲೂ ಇದೆಯೇ. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ. ಪರಿಷೆಯಲ್ಲಿ ಇಂದಿಗೂ ಸೇರಿನ ಲೆಕ್ಕವೇ ನಡೆಯುತ್ತದೆ. ಅವ್ವ ಸೇರನ್ನು ಕೈಗೆತ್ತಿಕೊಂಡು ತಳ ತಟ್ಟಿ ನೋಡಿ, ತಾನೇ ಗೋಪುರ ಕಟ್ಟಿ ಅಳೆದುಕೊಂಡಳು. ಅವನು ನಗುತ್ತಾ ಬಿಟ್ಟ.

ಸುಂಕೇನಹಳ್ಳಿಯ ರೈತರ ಕಡಲೆಕಾಯಿಯನ್ನು ಬಸವ ಬಂದು ಮೇಯುತ್ತಿದ್ದ, ಆಮೇಲೆ ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸುವ ಪದ್ಧತಿ ಬಂತು ಎಂಬ ಕಥೆಯನ್ನು ಗುಡಿಯ ಸಾಲಿನಲ್ಲಿ ಹೇಳಿದೆ. ಸುಮಾರು 15 ಅಡಿ ಎತ್ತರದ ಏಕಶಿಲೆಯ ಬಸವನನ್ನು ಅವಳು ತಲೆಯೆತ್ತಿ ನೋಡಿ, ‘ಇಷ್ಟು ದೊಡ್ಡವನು ಮೇಯಲು ಬಂದರೆ ಹೊಲದಲ್ಲಿ ಉಳಿಯುವುದೇನು?’ ಎಂದಳು. ಕೈ ಮಾತ್ರ ಮುಗಿದೇ ಇದ್ದಳು.

ಓಡಾಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಬ್ ಬೇಡವೆಂದು ಅವಳೇ ತೀರ್ಮಾನಿಸಿದಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಆಧಾರ್ ಕಾರ್ಡು ಕೈಯಲ್ಲಿದ್ದರಾಯಿತು. ಶೂನ್ಯ ಮೊತ್ತದ ಟಿಕೆಟ್‌ಗಳನ್ನು ಅವ್ವ ಮಡಿಸಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದಳು. ಹವಾನಿಯಂತ್ರಿತ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ಹತ್ತುವ ಮೊದಲೇ ನೋಡಿಕೊಳ್ಳಬೇಕು. ಬೆಳಿಗ್ಗೆ ಬೇಗ ಹೊರಟರೆ ಮುಂದಿನ ಸೀಟು ಸಿಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಸೇರುವುದು, ದಿನಕ್ಕೆ ಒಂದೇ ಜಾಗ. ವಯಸ್ಸಾದ ಹೆಂಗಸರು ಹೊರಗೆ ಹೊರಟಾಗ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಯಾಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಎಲ್ಲಿಗೆ ಹೋದರೂ ನಾನು ಮೊದಲು ಶೌಚಾಲಯ ಎಲ್ಲಿದೆ ಎಂದು ತೋರಿಸಿ, ಆಮೇಲೆ ನೀರಿನ ಬಾಟಲಿ ಕೈಗೆ ಕೊಡುತ್ತಿದ್ದೆ. ಎಲೆ ಅಡಿಕೆ ಸಂಚಿಯ ವಿಷಯದಲ್ಲಿ ಒಪ್ಪಂದವಾಗಿತ್ತು: ಸಂಚಿ ಜೊತೆಗಿರಬಹುದು, ಮನೆಗೆ ಬರುವ ತನಕ ಬಿಚ್ಚುವಂತಿಲ್ಲ.

ಲಾಲ್‌ಬಾಗ್‌ಗೆ ಹೋದಾಗ 1889ರ ಗಾಜಿನ ಮನೆಯನ್ನು ಅವಳು ಒಂದು ಸುತ್ತು ಹಾಕಿ ಮುಗಿಸಿದಳು. ಹೂವಿನ ಪ್ರದರ್ಶನ ಇಲ್ಲದ ದಿನ ಅದು ಖಾಲಿ ಮನೆಯೇ ತಾನೇ. ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಕಂಡಾಗ ನಿಂತಳು. ಏಳು ಸುತ್ತಿನ ಕೋಟೆಯ ಜಿಲ್ಲೆಯವಳಿಗೆ ಬಂಡೆ ತೋರಿಸುವುದು ಸಾಹಸವೇ. ‘ಇದನ್ನು ನೋಡಲು ಜನ ಬರುತ್ತಾರಾ?’ ಎಂದಳು. ಇದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕ ಓದಿ ಹೇಳಿದೆ. ಅವಳು ಚಪ್ಪಲಿ ಬಿಟ್ಟು ಹತ್ತಿದಳು, ಅಂಗೈಯಿಂದ ಕಲ್ಲು ಮುಟ್ಟಿದಳು, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ಕೇಳಿದಳು. ‘ನಮ್ಮ ಬೀದಿಯವರ ಹಪ್ಪಳ ಸಂಡಿಗೆ ಎಲ್ಲ ಇಲ್ಲೇ ಒಣಗಿಸಬಹುದಿತ್ತು. ಬರಿದೇ ಬಿಟ್ಟಿದ್ದಾರೆ.’ ಅಲ್ಲಿಂದ ಇಳಿದು ಮಾವಳ್ಳಿ ಟಿಫಿನ್ ರೂಮ್‌ಗೆ ಹೋದೆವು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಮಾಡಿದ್ದು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಇಡ್ಲಿ ಮೆಚ್ಚಿದಳು. ತಿನ್ನಲು ಹೆಸರು ಬರೆಸಿ ಕಾಯುವುದನ್ನು ಮೆಚ್ಚಲಿಲ್ಲ.

ಮೆಟ್ರೊ ಬಗ್ಗೆ ಅವಳ ಪ್ರಶ್ನೆಗಳು ನನ್ನನ್ನು ಕಟ್ಟಿಹಾಕಿದವು. ಬಸ್ಸು ಪುಕ್ಕಟೆಯಾದರೆ ಇದಕ್ಕೇಕೆ ದುಡ್ಡು? ಇದರಲ್ಲಿ ರಾಜ್ಯ, ಕೇಂದ್ರ ಎರಡರ ಪಾಲೂ ಇದೆ ಎಂದೆ. ‘ಇಬ್ಬರು ಯಜಮಾನರಿದ್ದರೆ ಹೀಗೇ’ ಎಂದು ಆ ವಿಷಯ ಮುಗಿಸಿದಳು. ಚಲಿಸುವ ಮೆಟ್ಟಿಲು ಬೇಡವೆಂದಳು, ಲಿಫ್ಟ್ ಹುಡುಕಿದೆವು. ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣ ಮನೆಗಳ ಮಾಳಿಗೆಯ ಮಟ್ಟದಲ್ಲಿದೆ, ಮುಂದಿನ ಮಾರ್ಕೆಟ್ ನಿಲ್ದಾಣ ನೆಲದೊಳಗೆ. ನಡುವೆ ರೈಲು ಹಾವು ಹುತ್ತ ಹೊಕ್ಕ ಹಾಗೆ ಇಳಿಯುತ್ತದೆ. ಕಿಟಕಿ ಕಪ್ಪಾದ ಕ್ಷಣ ಅವ್ವ ನನ್ನ ಮೊಣಕೈ ಹಿಡಿದು ಕೇಳಿದ ಪ್ರಶ್ನೆಯನ್ನು ಮೆಟ್ರೊ ಏರಿದ ಬೇರೆ ಯಾರಾದರೂ ಕೇಳಿರುವರೋ ಇಲ್ಲವೋ: ‘ಇಷ್ಟು ಆಳ ಕೊರೆದರಲ್ಲ, ನೀರು ಬಿತ್ತೇ?’ ನಮ್ಮ ಹೊಲದಲ್ಲಿ ಕೊರೆಸಿದ ಬೋರ್‌ವೆಲ್‌ಗಳೆಲ್ಲ ಒಣಗಿ ಹೋಗಿವೆ.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ವಿಧಾನಸೌಧ ನಿಲ್ದಾಣದಲ್ಲಿ ಇಳಿದೆವು. 1956ರಲ್ಲಿ ಮುಗಿದ ಕಟ್ಟಡ, ಕೆಂಗಲ್ ಹನುಮಂತಯ್ಯನವರ ಹಟದ ಫಲ. ಇಲ್ಲಿ ನಾನು ಏನೂ ವಿವರಿಸಬೇಕಾಗಲಿಲ್ಲ. ಅವಳು ರಸ್ತೆಯಿಂದಲೇ ಮೇಲಿನ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು: ಸರ್ಕಾರದ ಕೆಲಸ ದೇವರ ಕೆಲಸ. ಜಮೀನಿನ ಪೋಡಿಗಾಗಿ, ಅಂದರೆ ಅಳತೆ ಮಾಡಿಸಿ ತನ್ನ ಪಾಲನ್ನು ದಾಖಲೆಯಲ್ಲಿ ಬೇರೆ ಮಾಡಿಸಲು, ಅವಳು ಒಂದು ಕಚೇರಿಗೆ ವರ್ಷಗಳಿಂದ ಅಲೆಯುತ್ತಿದ್ದಾಳೆ. ‘ನಿಜವೇ ಬರೆದಿದ್ದಾರೆ. ದೇವರೂ ಕೇಳಿದ ತಕ್ಷಣ ಏನನ್ನೂ ಕೊಡುವುದಿಲ್ಲ’ ಎಂದಳು. ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಕುಟುಂಬ ಜೋರಾಗಿ ನಕ್ಕಿತು. ಅವಳು ನಗಲಿಲ್ಲ. ಎದುರಿನ ಕೆಂಪು ಹೈಕೋರ್ಟ್ ತೋರಿಸಿ, ಅಲ್ಲಿಗೆ ಹೋಗಬೇಕಾದ ದಿನ ಬಾರದಿರಲಿ ಎಂದು ಕೈ ಮುಗಿದಳು.

ಇನ್ನೊಂದು ಜಾಗ ಅವಳೇ ಕೇಳಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ನಮ್ಮ ತಾಲ್ಲೂಕಿನ ಕುದಾಪುರದ ಕಾವಲಿನಲ್ಲಿ, ಅಂದರೆ ದನ ಕುರಿ ಮೇಯುವ ಹುಲ್ಲುಗಾವಲಿನಲ್ಲಿದೆ. ಅದರ ಮೂಲಮನೆ ಬೆಂಗಳೂರಿನಲ್ಲಿ ಹೇಗಿದೆ ಎಂಬ ಕುತೂಹಲ. ಒಳಗೆ ಹೋಗುವ ಯೋಚನೆ ಇರಲಿಲ್ಲ. ಬಸ್ಸಿನಲ್ಲಿ ನಿರ್ವಾಹಕರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕೂಗಿದಾಗ ಗೇಟು ತೋರಿಸಿದೆ. 1909ರಲ್ಲಿ ಶುರುವಾದ ಸಂಸ್ಥೆ ಎಂದೆ. ಬೇಲಿಯ ಉದ್ದಕ್ಕೂ ನಿಂತ ಮರಗಳನ್ನು ಅವಳು ಸಿಗ್ನಲ್ ಬಿಡುವ ತನಕ ಎಣಿಸುವವಳಂತೆ ನೋಡಿದಳು. ‘ನೂರು ವರ್ಷ ಆದ ಮೇಲೆ ನಮ್ಮ ಕಾವಲಿನಲ್ಲೂ ಇಷ್ಟು ನೆರಳು ಬಂದೀತು ಅನ್ನು.’ ಹುಲ್ಲುಗಾವಲಿಗೆ ಮರಕ್ಕಿಂತ ಹುಲ್ಲೇ ಮುಖ್ಯ ಎಂದು ಹೇಳಲು ಹೊರಟು ಸುಮ್ಮನಾದೆ. ಕುರಿ ಮೇಯಿಸಿದವಳಿಗೆ ಅದು ಗೊತ್ತಿರುವ ವಿಷಯ, ಬಹುಶಃ ಅದಕ್ಕೇ ಹಾಗೆ ಹೇಳಿದ್ದು.

ಟಿಪ್ಪುವಿನ ಅರಮನೆ, ಕಬ್ಬನ್ ಪಾರ್ಕ್ ಎಲ್ಲ ನೋಡಿದೆವು. ಚೆನ್ನಾಗಿದ್ದವು, ಅಷ್ಟೇ. ಕೆ.ಆರ್. ಮಾರ್ಕೆಟ್‌ನಲ್ಲಿ ಮಾತ್ರ ಅವಳನ್ನು ಹೊರಡಿಸಿಕೊಂಡು ಬರುವುದು ಕಷ್ಟವಾಯಿತು. ಬೆಳಗಿನ ಜಾವದ ಸೇವಂತಿಗೆ ರಾಶಿಯ ಹತ್ತಿರ ನಿಂತು, ಹಿರಿಯೂರಿನ ಕಡೆಯ ರೈತನಿಗೆ ಕೆ.ಜಿ.ಗೆ ಎಷ್ಟು ಸಿಗುತ್ತದೆ, ಅದೇ ಹೂವು ನಾಲ್ಕು ಹೆಜ್ಜೆ ಆಚೆ ಮಾರಿನ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ಮನಸ್ಸಿನಲ್ಲೇ ಗುಣಿಸುತ್ತಿದ್ದಳು. ಲೆಕ್ಕ ಮುಗಿದ ಮೇಲೆ ಹೂವು ಕೊಳ್ಳದೆ ಹೊರಟಳು.

ಈಗ ಚಿಕ್ಕಮ್ಮ ಬರುತ್ತೇನೆ ಎಂದಿದ್ದಾಳೆ. ಅವಳದು ಹೊಲಿಗೆ ಕೆಲಸ, ರವಿಕೆ ಹೊಲಿಯುವುದರಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ಹಾಗಾಗಿ ಚಿಕ್ಕಪೇಟೆಯ ಗುಂಡಿ, ಲೇಸು, ಅಸ್ತರಿನ ಅಂಗಡಿಗಳಿಂದ ಆರಂಭ. ಬಂಡೆ, ಬಸವ ಆಮೇಲೆ ನೋಡೋಣ.